ಹೊಟ್ಟೆಬಂಡೆಯ ನಕಲು

ಜೂನ್ 4

ಪುಟ್ಟಿ,

ಇಲ್ಲಿ ನನ್ನ ಬಲ ಮೊಣಕಾಲೊಂದನ್ನು ಬಿಟ್ಟು ಉಳಿದವರೆಲ್ಲ ಚೆನ್ನಾಗಿದ್ದೇವೆ. ಇನ್ನೂ ಎರಡು ತಿಂಗಳು ಮೆಟ್ಟಿಲು ಇಳಿಯಬಾರದೆಂದು ಡಾಕ್ಟರು ಹೇಳಿದ್ದಾರೆ. ಮೂವತ್ತೆರಡು ವರ್ಷ ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ಹಳಿಯ ಮೇಲೆ ನಡೆದವನಿಗೆ ಈಗ ಕೋಣೆಯಿಂದ ಬಚ್ಚಲಿಗೆ ಹೋಗಿಬರುವುದೇ ಪ್ಯಾಟ್ರೋಲ್.

ನಿನ್ನ ಕ್ವಾರ್ಟರ್ಸಿನಲ್ಲಿ ಸಿಗ್ನಲ್ ಇಲ್ಲ, ನನಗೆ ಕಿವಿ ಇಲ್ಲ. ಅತ್ತೆಯ ಬಾಯಲ್ಲಿ ಹೇಳಿಸಿದರೆ ಒಂದು ಹೋಗಿ ಒಂಬತ್ತಾಗುತ್ತದೆ. ಅದಕ್ಕೇ ಈ ಕಾಗದ. ಗಾರ್ಡ್ ತನ್ನ ಚೀಲದಲ್ಲಿ ತಂದುಕೊಡುತ್ತಾನೆ.

ಕೈ ಸುಮ್ಮನೆ ಕೂರುತ್ತಿಲ್ಲ. ಹಳೇ ಬಾಗಿಲೊಂದನ್ನು ಎರಡು ಟ್ರಂಕುಗಳ ಮೇಲೆ ಮಲಗಿಸಿ ಆಟಿಕೆ ರೈಲಿನ ಹಳಿ ಹಾಸಿದ್ದೇನೆ. ಈಗ ಗುಡ್ಡದ ಕೆಲಸ ನಡೆದಿದೆ. ಬೇರೆ ಯಾವ ಗುಡ್ಡ ನನಗೆ ಗೊತ್ತು? ಗುಡ್ಡ ಸೀಳಿ ರೈಲಿಗೆ ದಾರಿ ಮಾಡಿದ ನಮ್ಮ ಕಟಿಂಗೇ. ಮೊಟ್ಟೆಯ ಟ್ರೇಗಳನ್ನು ಜೋಡಿಸಿ, ಮೇಲೆ ಹಳೇ ಪೇಪರನ್ನು ಅಂಟಿನಲ್ಲಿ ಅದ್ದಿ ಹೊದಿಸಿದರೆ ಇಳಿಜಾರು ಆಯಿತು. ಬಂಡೆಗೆ ಮಾತ್ರ ಅಡುಗೆಮನೆಯ ಫಾಯಿಲ್ ಹಾಳೆ ಬೇಕು. ಅದನ್ನು ಮುದುಡಿ ಮತ್ತೆ ಮೆಲ್ಲಗೆ ಬಿಡಿಸಿದರೆ ತುಂಬಾ ಏಣು, ಮೂಲೆ, ಸೀಳು ಏಳುತ್ತವೆ. ಅದರ ಮೇಲೆ ಪ್ಲಾಸ್ಟರ್ ಕಲಸಿ ಹೊಯ್ದು, ಅರ್ಧ ಗಟ್ಟಿಯಾಗುವಾಗ ಇಳಿಜಾರಿಗೆ ಒತ್ತಿ ಹಿಡಿಯುವುದು. ಆಮೇಲೆ ಹಾಳೆ ಸುಲಿದರೆ ಒಳಗಿಂದ ಬಂಡೆ ಬರುತ್ತದೆ. ಬಣ್ಣಕ್ಕೆ ಚಹಾದ ಗಟ್ಟಿ ಡಿಕಾಕ್ಷನ್, ಇದ್ದಿಲ ಪುಡಿ. ಕೊನೆಗೆ ಸವೆದ ಟೂತ್‌ಬ್ರಷ್ಷಿಗೆ ಚೂರು ಬಿಳಿ ಮುಟ್ಟಿಸಿ ಏಣುಗಳ ಮೇಲೆ ಸವರಿದರೆ ಬಿಸಿಲು ಬಿದ್ದಂತೆ ಕಾಣುತ್ತದೆ. ನಿನ್ನ ಅತ್ತೆ, "ಬಂಡೆ ಬೇಕಾದ್ರೆ ನಿನ್ ತಲೇನೇ ಇದೆಯಲ್ಲೋ, ನನ್ ಫಾಯಿಲ್ ಯಾಕೆ ಹಾಳ್ಮಾಡ್ತೀಯ?" ಅಂತ ಕೇಳಿದಳು. ಅಕ್ಕನೆಂದು ಸುಮ್ಮನಿದ್ದೆ.

ಹೊಟ್ಟೆಬಂಡೆ ಮಾತ್ರ ಬರುತ್ತಿಲ್ಲ. ನೀನು ರೈಲು ಓಡಿಸಿಕೊಂಡು ಗುಡ್ಡ ಇಳಿಯುವಾಗ ಬಲಗಡೆ, ಹಳಿಯ ಮೇಲೆ ಹೊಟ್ಟೆ ಮುಂದೆ ಮಾಡಿ ನಿಂತಿರುವ ದೊಡ್ಡದು. ಅದಕ್ಕೆ ಆ ಹೆಸರಿಟ್ಟವರು ನಮ್ಮ ಗ್ಯಾಂಗಿನವರೇ. ಅದರ ಫೋಟೋ ತೆಗೆಸಿ ಕಳಿಸುತ್ತೀಯಾ? ಬಂಡೆಯ ಎಡಗಡೆ ಮಳೆಗಾಲದಲ್ಲಿ ನೀರು ಜಿನುಗಿ ಕಪ್ಪಗೆ ಒಂದು ಪಟ್ಟಿ ಇಳಿಯುತ್ತದೆ. ಅದರ ಅಗಲ ಎಷ್ಟೆಂದು ನೋಡಿ ಬರೆ.

ನಿನ್ನನ್ನು ಆ ಲೈನಿಗೆ ಹಾಕಿದ್ದಾರೆ ಎಂದು ತಿಳಿದಂದಿನಿಂದ ನನಗೆ ಊಟ ಸೇರುತ್ತಿಲ್ಲ. ಮಗಳು ರೈಲು ಓಡಿಸುತ್ತಾಳೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ಆದರೆ ಲೈನು ಬೇರೆ ಯಾವುದಾದರೂ ಆಗಬಹುದಿತ್ತು.

ನಿನ್ನ ಅಪ್ಪ


ಜೂನ್ 15

ಅಪ್ಪಾ,

ಮೂರು ಫೋಟೋ ಇಟ್ಟಿದ್ದೇನೆ. ತೆಗೆದದ್ದು ನನ್ನ ಅಸಿಸ್ಟೆಂಟ್. ಮೂರು ಮಕ್ಕಳ ತಂದೆ, ಪಾಪದ ಮನುಷ್ಯ. "ಮೇಡಂ, ಬಂಡೆ ಫೋಟೋ ಯಾಕೆ, ಸಂಬಂಧ ನೋಡ್ತಿದ್ದೀರಾ?" ಅಂದ. ಒಂದರಲ್ಲಿ ಅವನ ಹೆಬ್ಬೆರಳೇ ಬಂಡೆಗಿಂತ ದೊಡ್ಡದಾಗಿ ಬಂದಿದೆ, ಅದನ್ನು ಬಣ್ಣ ಹಚ್ಚಿ ನಿಲ್ಲಿಸಬೇಡ.

ಕಟಿಂಗಿನೊಳಗೆ ನಾವು ಇರುವುದು ಇಪ್ಪತ್ತೆರಡು ಸೆಕೆಂಡು. ಎಣಿಸಿದ್ದೇನೆ. ಎರಡೂ ಕಡೆ ಕಲ್ಲು, ಮೇಲೆ ಬೆಲ್ಟಿನಷ್ಟು ಆಕಾಶ. ಇಂಜಿನ್ನಿನ ಸದ್ದು ಗೋಡೆಗೆ ಬಡಿದು ವಾಪಸ್ ಬರುವಾಗ ಹಿಂದಿನಿಂದ ಇನ್ನೊಂದು ರೈಲು ಬಂದಂತೆ ಅನ್ನಿಸುತ್ತದೆ. ಹಿಂದೆ ಡಬ್ಬಿಯಲ್ಲಿ ಹೋಗುವಾಗ ಇದು ಗೊತ್ತಾಗಿರಲಿಲ್ಲ. ಮೊದಲ ವಾರ ಹೆದರಿದ್ದೆ, ಈಗ ಅಭ್ಯಾಸವಾಗಿದೆ.

ನೀನು ಕೇಳಿದ ಒದ್ದೆ ಪಟ್ಟಿ ಇಲ್ಲ. ಎಂಟು ದಿನದಿಂದ ಮಳೆ ಬಿಡದೆ ಹೊಡೆಯುತ್ತಿದೆ, ಗೋಡೆಯೆಲ್ಲ ಸುರಿಯುತ್ತಿದೆ. ಹೊಟ್ಟೆಬಂಡೆಯ ಎಡಗಡೆ ಮಾತ್ರ ಜಿನುಗುವುದು ನಿಂತುಹೋಗಿದೆ. ಇನ್ನು ಬಂಡೆಯಲ್ಲಿರುವ ಸೀಳಿನ ಉದ್ದಕ್ಕೂ ಅಂಗೈ ಅಗಲದ ಬಿಳಿ ಮಚ್ಚೆಗಳು ಕಾಣುತ್ತವೆ, ಏಳೋ ಎಂಟೋ ಇವೆ. ಹಕ್ಕಿಯ ಹಿಕ್ಕೆ ಇರಬೇಕು. ಅದನ್ನೂ ಮಾಡುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು.

ಅತ್ತೆಗೆ ಹೊಸ ಫಾಯಿಲ್ ಸುರುಳಿ ಕಳಿಸಿದ್ದೇನೆ. ನೀನು ಮುಟ್ಟಕೂಡದು.

ನಿನ್ನ ಮಗಳು


ಜೂನ್ 19

ಪುಟ್ಟಿ,

ನೀರು ಎಲ್ಲಿಗೆ ಹೋಯಿತು?

ನಿನ್ನ ಕಾಗದ ಓದಿ ಎರಡು ದಿನ ಇದನ್ನೇ ಕೇಳಿಕೊಂಡೆ. ನಾನು ನಡೆದ ಅಷ್ಟೂ ಮಳೆಗಾಲ ಆ ಪಟ್ಟಿ ಇತ್ತು. ಬಂಡೆಯ ಬೆನ್ನಿಗೆ ಸೇರಿದ ನೀರು ಅಲ್ಲಿಂದ ಹೊರಗೆ ಬರುತ್ತಿತ್ತು. ಮಳೆ ನಿಂತಿಲ್ಲ, ಪಟ್ಟಿ ನಿಂತಿದೆ. ಮಣ್ಣೋ ಬೇರೋ ತೂತು ಮುಚ್ಚಿರಬೇಕು. ಹಾಗಿದ್ದರೆ ನೀರೆಲ್ಲ ಬಂಡೆಯ ಹಿಂದೆ ನಿಂತಿದೆ.

ನಿನ್ನೆ ಇಲ್ಲಿ ಏನಾಯಿತೆಂದು ಹೇಳುತ್ತೇನೆ. ಫೋಟೋ ನೋಡಿಕೊಂಡು ಹೊಟ್ಟೆಬಂಡೆಗೆ ಹಾಳೆ ಮಡಿಸಿ, ನಿಲ್ಲಿಸಿ, ಪ್ಲಾಸ್ಟರ್ ಹೊಯ್ದೆ. ಸೀಳಿನ ಹತ್ತಿರ ಸಣ್ಣ ತೂತಿತ್ತು, ಅದರಿಂದ ಹನಿಯುತ್ತಿತ್ತು. ಟ್ರಂಕು ಕೊಳೆಯಾಗುತ್ತದೆಂದು ಮೇಣ ಮೆತ್ತಿ ತೂತು ಮುಚ್ಚಿದೆ. ಹನಿಯುವುದು ನಿಂತಿತು. ಸ್ವಲ್ಪ ಹೊತ್ತಿಗೆ ಹಾಳೆಯ ಹೊಟ್ಟೆ ಮುಂದೆ ಬಂತು. ನಾನು ನೋಡುತ್ತಲೇ ಇದ್ದೆ, ಕೈ ಹೋಗಲಿಲ್ಲ. ಆಮೇಲೆ ಒಮ್ಮೆಗೇ ಬಾಯಿಬಿಟ್ಟು ಎಲ್ಲ ಆಟಿಕೆ ಹಳಿಯ ಮೇಲೆ ಬಿತ್ತು. ಅತ್ತೆ ಓಡಿಬಂದು ನನ್ನ ಮುಖ ನೋಡಿದವಳು ಬೈಯದೆ ಒರೆಸಿದಳು. ಅವಳು ಬೈಯದೇ ಇದ್ದದ್ದಕ್ಕೆ ನನಗೆ ಇನ್ನೂ ಹೆದರಿಕೆಯಾಯಿತು.

ನನ್ನ ಮಾತು ಕೇಳು. ಸೆಕ್ಷನ್ ಸಾಹೇಬರಿಗೆ ಹೇಳು, ಯಾರನ್ನಾದರೂ ಹಗ್ಗ ಕಟ್ಟಿ ಹತ್ತಿಸಿ ಬಂಡೆಯ ಬೆನ್ನು ನೋಡಿಸಲಿ. ಅಲ್ಲಿಯವರೆಗೆ ರಜೆ ಹಾಕು. ನನ್ನ ಹೆಸರು ಹೇಳುವ ಅಗತ್ಯವಿಲ್ಲ.

ನಿನ್ನ ಅಪ್ಪ


ಜೂನ್ 27

ಅಪ್ಪಾ,

ಹೇಳಿದೆ. ನಿನ್ನ ಹೆಸರನ್ನೂ ಹೇಳಿದೆ. ಹೇಳದೆ ಹೇಗಾಗುತ್ತದೆ, ನನಗೆ ಬಂಡೆಯ ವಿಷಯ ಇನ್ಯಾರು ಕಲಿಸಿಯಾರು?

ಸಾಹೇಬರು ಕೂರಿಸಿ ಚಹಾ ಕೊಟ್ಟರು. ಒಳಗಿನ ಬೀರುವಿನಿಂದ ಪ್ಯಾಟ್ರೋಲ್ ರಿಜಿಸ್ಟರುಗಳನ್ನು ತರಿಸಿ ಮೇಜಿನ ಮೇಲೆ ಪೇರಿಸಿದರು. ಒಂದನ್ನು ಬಿಡಿಸಿ ನನ್ನ ಕಡೆ ತಿರುಗಿಸಿದರು.

"ಇದು ಯಾರ ಅಕ್ಷರ, ಹೇಳಮ್ಮ."

"ನಮ್ಮಪ್ಪಂದು ಸಾರ್."

"ಓದು."

ಓದಿದೆ. ಬಂಡೆ ಭದ್ರ. ಬಿರುಕಿಲ್ಲ. ಮರುದಿನವೂ ಅದೇ. ಪುಟ ತಿರುವಿದರೂ ಅದೇ. ನೀನು ರಿಟೈರ್ ಆಗುವ ದಿನದವರೆಗೆ ಹನ್ನೊಂದು ವರ್ಷ, ಒಂದು ದಿನವೂ ತಪ್ಪದೆ, ನಿನ್ನ ಆ ಗುಂಡಗಿನ ಅಕ್ಷರದಲ್ಲಿ.

"ಇಷ್ಟು ಕರಾರುವಾಕ್ಕಾದ ಮನುಷ್ಯ ಈ ಸೆಕ್ಷನ್ನಲ್ಲೇ ಇರ್ಲಿಲ್ಲ. ಇವ್ರ ರಿಪೋರ್ಟ್ ನೋಡ್ಕೊಂಡೇ ಆಮೇಲೆ ಅಲ್ಲಿ ಪ್ಯಾಟ್ರೋಲ್ ತೆಗೆದಿದ್ದು. ಈಗ ಮನೇಲಿ ಕೂತು ಆಟಿಕೆ ಮಾಡ್ತಾ ಬಂಡೆ ಬೀಳುತ್ತೆ ಅಂದ್ರೆ ನಾನು ಯಾವ್ದನ್ನ ನಂಬ್ಲಿ? ವಯಸ್ಸಾಗಿದೆ, ಮಗಳ ಮೇಲೆ ಪ್ರೀತಿ. ಹೆದ್ರಿಕೊಂಡಿದ್ದಾರೆ. ಹೋಗು, ಡ್ಯೂಟಿ ಮಾಡು."

ಹೊರಗೆ ಬಂದಾಗ ನನಗೂ ಒಂದು ಕ್ಷಣ ಸಮಾಧಾನವೇ ಆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಫೋಟೋ ನೆನಪಾಯಿತು. ಅದರಲ್ಲಿ ಮೇಲಿಂದ ಕೆಳಗಿನವರೆಗೆ ಸೀಳು ಇದೆ. ನಾನು ಫೋಟೋ ಕಳಿಸುವ ಮೊದಲೇ ಎಡಗಡೆ ನೀರು ಜಿನುಗುತ್ತದೆಂದು ನೀನೇ ಬರೆದಿದ್ದೆ. ಬಿರುಕಿಲ್ಲದ ಬಂಡೆಯಿಂದ ನೀರು ಹೇಗೆ ಬರುತ್ತಿತ್ತು?

ನನಗೆ ಒಂದೇ ಮಾತು ಬೇಕು. ನೀನು ನಡೆಯುತ್ತಿದ್ದಾಗ ಆ ಬಿರುಕು ಇತ್ತೋ ಇರಲಿಲ್ಲವೋ?

ರಜೆ ಕೇಳಲಿಲ್ಲ. ನಾನು ರಜೆ ಹಾಕಿದರೆ ಇನ್ನೊಬ್ಬರು ಹೋಗುತ್ತಾರೆ. ಹಿಂದಿನ ಆರು ಡಬ್ಬಿಗಳಲ್ಲಿ ಜನ ಹೇಗೂ ಇರುತ್ತಾರೆ.

ನಿನ್ನ ಮಗಳು


ಜುಲೈ 6

ಪುಟ್ಟಿ,

ನಿನ್ನ ಕಾಗದ ತಲುಪಿತು. ಇಲ್ಲೂ ಮಳೆ. ಅತ್ತೆಗೆ ನೆಗಡಿ. ಪ್ಲಾಸ್ಟರ್ ಒಣಗುತ್ತಿಲ್ಲ, ಡಿಕಾಕ್ಷನ್ ಹಚ್ಚಿದರೆ ಹರಡಿಕೊಂಡು ಎಲ್ಲ ಒಂದೇ ಬಣ್ಣವಾಗುತ್ತಿದೆ. ಮೊದಲು ತೆಳ್ಳಗೆ ಅಂಟುನೀರು ಸವರಿ, ಒಣಗಿದ ಮೇಲೆ ಬಣ್ಣ ಕೊಟ್ಟರೆ ನಿಲ್ಲುತ್ತದೆ ಎಂದು ಈಗ ಗೊತ್ತಾಯಿತು. ಹಳಿಯ ಪಕ್ಕದ ಜಲ್ಲಿಗೆ ಮೊಟ್ಟೆಯ ಸಿಪ್ಪೆ ಕುಟ್ಟಿ ಹಾಕಿದ್ದೇನೆ, ಪರವಾಗಿಲ್ಲ.

ರಿಜಿಸ್ಟರುಗಳು ಹಳೆಯ ಕಥೆ. ಆಗಿನ ಬಂಡೆ ಬೇರೆ, ಈಗಿನದು ಬೇರೆ. ಅವನ್ನೆಲ್ಲ ಈಗ ಕೆದಕಿ ಏನಾಗಬೇಕು. ನೀನು ಎರಡು ವಾರ ಜ್ವರ ಎಂದು ಬರೆದುಕೊಡು. ನಮ್ಮ ಡಾಕ್ಟರಿಗೆ ಹೇಳಿ ಸರ್ಟಿಫಿಕೇಟ್ ಮಾಡಿಸುತ್ತೇನೆ. ಅಷ್ಟು ನನಗೋಸ್ಕರ ಮಾಡು.

ಅಪ್ಪ


ಜುಲೈ 9

ಅಪ್ಪಾ,

ಮೊಟ್ಟೆ ಸಿಪ್ಪೆಯ ಸಮಾಚಾರ ಓದಿದೆ. ನಾನು ಕೇಳಿದ್ದು ಅದಲ್ಲ.

ಸೋಮವಾರ ಬೆಳಗ್ಗೆ ಹೊಟ್ಟೆಬಂಡೆಯ ಕೆಳಗೆ ಹೋಗುವಾಗ ಮೇಲಿಂದ ಕಲ್ಲೊಂದು ಬಂದು ನಮ್ಮ ಮುಂದಿನ ಗಾಜಿಗೆ ಹೊಡೆಯಿತು. ನಿಂಬೆಹಣ್ಣಿನ ಗಾತ್ರದ್ದು. ಗಾಜು ಒಡೆಯಲಿಲ್ಲ, ಉದ್ದಕ್ಕೆ ಸೀಳಿತು. ಅಸಿಸ್ಟೆಂಟ್ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಕೂತುಬಿಟ್ಟ. ಸ್ಟೇಷನ್ ಬಂದರೂ ಕೈ ತೆಗೆಯಲಿಲ್ಲ. ನಾನು ಬರೆದುಕೊಟ್ಟ ರಿಪೋರ್ಟಿನ ಮೇಲೆ ಸಾಹೇಬರು "ಮೇಲೆ ಆಡು ಮೇಯುತ್ತಿರಬಹುದು" ಎಂದು ಷರಾ ಬರೆದರು.

ಈಗ ಕಟಿಂಗ್ ಬರುವ ಒಂದು ಕಿಲೋಮೀಟರ್ ಮೊದಲೇ ನಾನು ಸೆಕೆಂಡು ಎಣಿಸಲು ಶುರುಮಾಡುತ್ತೇನೆ. ಹೆದರಿಕೆಯಾಗುತ್ತಿದೆ ಅಪ್ಪ, ತುಂಬಾ. ಆ ಬಂಡೆಯನ್ನು ಪ್ರತಿದಿನ ಕಣ್ಣಾರೆ ಕಂಡವನು ಈ ಭೂಮಿಯ ಮೇಲೆ ನೀನೊಬ್ಬನೇ. ಬಿರುಕು ಇತ್ತೋ ಇಲ್ಲವೋ?

ಮಗಳು


ಜುಲೈ 11

ಪುಟ್ಟಿ,

ಇತ್ತು.

ನೀನು ನೋಡಿದ ಬಿಳಿ ಮಚ್ಚೆಗಳು ಹಕ್ಕಿಯವಲ್ಲ, ನನ್ನವು. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದಕ್ಕೆ ಅಡ್ಡಲಾಗಿ ಪ್ಲಾಸ್ಟರಿನ ಪಟ್ಟಿ ಮೆತ್ತುತ್ತಾರೆ. ಬಂಡೆ ಕದಲಿದರೆ ಪಟ್ಟಿ ಒಡೆಯುತ್ತದೆ. ಹನ್ನೊಂದು ವರ್ಷದಲ್ಲಿ ಏಳು ಪಟ್ಟಿ ಮೆತ್ತಿದೆ. ಏಳೂ ಒಡೆದವು. ಒಂದು ಒಡೆದಾಗ ಪಕ್ಕದಲ್ಲಿ ಇನ್ನೊಂದು ಮೆತ್ತಿ, ಕೈ ತೊಳೆದುಕೊಂಡು ಸ್ಟೇಷನ್ನಿಗೆ ಬಂದು "ಬಿರುಕಿಲ್ಲ" ಎಂದು ಬರೆಯುತ್ತಿದ್ದೆ.

ಯಾಕೆಂದು ಹೇಳಬೇಕು. ಅದಕ್ಕೂ ಮೊದಲು, ಒಂದು ಮಳೆಗಾಲದ ಬೆಳಗ್ಗೆ, ಹೊಟ್ಟೆಬಂಡೆ ಕಟಕಟ ಸದ್ದು ಮಾಡುವುದು ಕೇಳಿಸಿತು. ಕೆಂಪು ಬಾವುಟ ಹಿಡಿದು ರೈಲು ನಿಲ್ಲಿಸಿದೆ. ಸಾಹೇಬರುಗಳು ಬಂದು ನೋಡಿ ಏನೂ ಇಲ್ಲ ಎನ್ನುವಷ್ಟರಲ್ಲಿ ನಾಲ್ಕು ಗಂಟೆಯಾಗಿತ್ತು. ಮೂರನೇ ಡಬ್ಬಿಯಲ್ಲಿ ಒಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಎದೆನೋವು. ರೈಲು ನಿಂತಲ್ಲೇ ಅವರು ಹೋಗಿಬಿಟ್ಟರು. ಅವರ ಮಗ ಜಲ್ಲಿಯ ಮೇಲೆ ನಡೆದುಕೊಂಡು ನನ್ನ ಹತ್ತಿರ ಬಂದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. "ಯಾವ ಬಂಡೆ ರೀ, ತೋರ್ಸಿ" ಅಂದ. ತೋರಿಸಿದೆ. ಇಬ್ಬರೂ ನಿಂತು ನೋಡಿದೆವು. ಅದು ಬೀಳಲಿಲ್ಲ. ಅವನು ಮೂರನೇ ಡಬ್ಬಿಗೆ ವಾಪಸ್ ನಡೆದ.

ಬಂಡೆ ಬೀಳಲಿ ಎಂದು ನಾನು ಆಗ ಬೇಡಿಕೊಂಡೆ. ರೈಲಿನಿಂದ ಇಳಿದ ಜನ ಅದರ ಕೆಳಗೇ ಸೇರಿದ್ದರು, ಆದರೂ ನಾನು ಹೇಳಿದ್ದು ನಿಜವಾಗಲೆಂದು ಬೇಡಿಕೊಂಡೆ. ಅದೂ ನಿನಗೆ ಗೊತ್ತಿರಲಿ.

ಅಂದಿನಿಂದ ನನಗೆ "ಬಿರುಕಿದೆ" ಎಂದು ಬರೆಯಲು ಕೈ ಬರಲಿಲ್ಲ. ಬರೆದರೆ ಮತ್ತೆ ರೈಲು ನಿಲ್ಲುತ್ತದೆ, ಮತ್ತೆ ಯಾರೋ ನಡೆದು ಬಂದು "ತೋರ್ಸಿ" ಅನ್ನುತ್ತಾರೆ. ಇವತ್ತು ಬೇಡ, ಇನ್ನೊಂದು ಪಟ್ಟಿ ನೋಡೋಣ ಎಂದು ಹನ್ನೊಂದು ವರ್ಷ ತಳ್ಳಿದೆ. ನನ್ನ ಅಕ್ಷರ ನೋಡಿ ಪ್ಯಾಟ್ರೋಲ್ ತೆಗೆದರು ಎಂದು ನೀನು ಬರೆದದ್ದು ನನಗೆ ಹೊಸ ಸುದ್ದಿ. ಅದನ್ನು ಓದಿದ ಮೇಲೂ ನಿನಗೆ ಮೊಟ್ಟೆ ಸಿಪ್ಪೆಯ ಬಗ್ಗೆ ಬರೆದೆ. ಇಷ್ಟು ಹೇಡಿ ನಿನ್ನ ಅಪ್ಪ.

ಇದರ ಜೊತೆ ಇನ್ನೊಂದು ಕಾಗದ ಇದೆ, ಸೆಕ್ಷನ್ ಸಾಹೇಬರಿಗೆ. ಹನ್ನೊಂದು ವರ್ಷದ ನನ್ನ ವರದಿ ಸುಳ್ಳು ಎಂದು ಬರೆದು, ಏಳು ಪಟ್ಟಿಗಳೂ ಎಲ್ಲೆಲ್ಲಿವೆ, ಯಾವ ವರ್ಷ ಯಾವುದು ಒಡೆಯಿತು ಎಂದು ತಿಳಿಸಿ ರುಜು ಹಾಕಿದ್ದೇನೆ. ಅತ್ತೆ ಸಾಕ್ಷಿ ಹಾಕಿದ್ದಾಳೆ. ನಾಳೆ ಇಂಜಿನ್ ಹತ್ತುವ ಮೊದಲು ಇದನ್ನು ಅವರ ಕೈಗೆ ಕೊಡು. ಅಪ್ಪನ ಮಾನ ಹೋಗುತ್ತದೆ ಎಂದು ಯೋಚಿಸುತ್ತಾ ನಿಲ್ಲಬೇಡ.

ಅಪ್ಪ


ಜುಲೈ 24

ಅಪ್ಪಾ,

ಕೊಟ್ಟೆ. ಗಾರ್ಡ್ ಚೀಲ ಬಿಚ್ಚಿದ್ದು ಬೆಳಗ್ಗೆ ಆರೂವರೆಗೆ, ನನ್ನ ರೈಲು ಏಳು ಹತ್ತಕ್ಕೆ. ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಓದಿದೆ. ಮಡಚಿ ಜೇಬಿಗಿಟ್ಟು, ಇವತ್ತೊಂದು ದಿನ ಹೋಗಿಬರೋಣ, ಸಂಜೆ ಕೊಟ್ಟರಾಯಿತು ಎಂದು ಯೋಚಿಸಿದೆ. ನಿನ್ನದೇ ರಕ್ತ. ಐದು ನಿಮಿಷ ಹಾಗೆ ಕೂತಿದ್ದೆ. ಆಮೇಲೆ ಸಾಹೇಬರ ಮನೆಗೆ ಓಡಿದೆ.

ಅವರು ಹಲ್ಲುಜ್ಜುತ್ತಿದ್ದರು. ನಿಂತಲ್ಲೇ ಎರಡು ಸಲ ಓದಿದರು. ಬಾಯಿ ತೊಳೆಯುವ ಮೊದಲೇ ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ನಿಲ್ಲಿಸಿದರು. ಆಡಿನ ಮಾತು ಮತ್ತೆ ಎತ್ತಲಿಲ್ಲ.

ಮಧ್ಯಾಹ್ನ ಇಬ್ಬರು ಹಗ್ಗದಲ್ಲಿ ಇಳಿದರು. ನಿನ್ನ ಏಳು ಪಟ್ಟಿಗಳೂ ನೀನು ಬರೆದ ಜಾಗದಲ್ಲೇ ಸಿಕ್ಕವು. ಕೊನೆಯದರ ಎರಡು ತುಂಡುಗಳ ನಡುವೆ ಕೈ ತೂರುತ್ತಿತ್ತಂತೆ. ಹನ್ನೆರಡು ಅಡಿ ಸರಳನ್ನು ಬಿರುಕಿಗೆ ಬಿಟ್ಟರು, ತಳ ಸಿಗಲಿಲ್ಲ. ಎಡಗಡೆ ಮುಚ್ಚಿಹೋಗಿದ್ದ ತೂತನ್ನು ಬಿಡಿಸಿದಾಗ ಕೆಂಪು ನೀರು ಚಿಮ್ಮಿ, ಹಳಿ ದಾಟಿ ಎದುರಿನ ಗೋಡೆಗೆ ಬಿತ್ತು. ಒಂದು ಗಂಟೆ ಹಾಗೇ ಸುರಿಯಿತು. ಮೂರನೇ ದಿನ ಬಂಡೆಯನ್ನು ಕೆಡವಿದರು. ಸಿಡಿಮದ್ದು ತರಿಸಿದ್ದರು, ಬೇಕಾಗಲಿಲ್ಲ. ಎರಡು ಹಾರೆ ಕೊಟ್ಟು ಮೀಟಿದ್ದಕ್ಕೆ ಬಂತು. ಎರಡೇ ಹಾರೆ, ಅಪ್ಪ. ಅರವತ್ತು ಮೀಟರ್ ಹಳಿ ಕಾಣದಂತೆ ಮುಚ್ಚಿಹೋಯಿತು. ನಮ್ಮ ಇಂಜಿನ್ನೂ ಹಿಂದಿನ ಎರಡು ಡಬ್ಬಿಯೂ ಸೇರಿದರೆ ಅಷ್ಟೇ ಉದ್ದ.

ಎಲ್ಲರೂ ನನ್ನ ಬೆನ್ನು ತಟ್ಟಿದರು. ಅಸಿಸ್ಟೆಂಟ್ ತನ್ನ ಮೂರು ಮಕ್ಕಳನ್ನೂ ಕರೆತಂದು ತೋರಿಸಿದ. ನನಗೆ ಅವರ ಮುಖ ನೋಡಲಾಗಲಿಲ್ಲ.

ನಿನ್ನ ಹನ್ನೊಂದು ವರ್ಷಗಳನ್ನು ನಾನು ಲೆಕ್ಕ ಹಾಕಿದೆ. ಅದರಲ್ಲಿ ನಾಲ್ಕು ವರ್ಷ ನಾನು ಶಾಲೆಗೆ, ಮೂರು ವರ್ಷ ಪಾಲಿಟೆಕ್ನಿಕ್ಕಿಗೆ ಅದೇ ರೈಲಿನಲ್ಲಿ ಹೋಗಿದ್ದೇನೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಆ ಬಂಡೆಯ ಕೆಳಗೆ. ನನ್ನ ಟಿಫಿನ್ ಡಬ್ಬಿ ಅತ್ತೆ ಕಟ್ಟುತ್ತಿದ್ದಳು, ನೀನು ರಿಜಿಸ್ಟರ್ ಬರೆಯುತ್ತಿದ್ದೆ. ಬೇರೆಯವರ ಮಾತು ಬಿಡು. ನಾನು ಒಳಗೆ ಕೂತಿರುತ್ತೇನೆ ಎಂದು ನಿನಗೆ ಗೊತ್ತಿತ್ತಲ್ಲ.

ಈಗ ಎರಡು ವಾರ ನನಗೆ ನಿಜವಾದ ರಜೆ ಇದೆ. ಅಲ್ಲಿಗೆ ಬರುತ್ತಿಲ್ಲ. ಯಾವಾಗ ಬರುತ್ತೇನೋ ಗೊತ್ತಿಲ್ಲ. ಮೊಣಕಾಲು ಜೋಪಾನ.

ಮಗಳು


ಆಗಸ್ಟ್ 2

ಪುಟ್ಟಿ,

ಗೊತ್ತಿತ್ತು.

ವಿಚಾರಣೆಗೆ ಹನ್ನೆರಡನೇ ತಾರೀಕು ಕರೆದಿದ್ದಾರೆ. ಇಬ್ಬರ ಹೆಗಲು ಹಿಡಿದಾದರೂ ಮೆಟ್ಟಿಲು ಇಳಿದು ಹೋಗುತ್ತೇನೆ. ಅಲ್ಲಿ ಏನು ಕೇಳುತ್ತಾರೋ, ನೀನು ಕೇಳಿದ್ದಕ್ಕಿಂತ ಕಷ್ಟದ್ದನ್ನು ಯಾರೂ ಕೇಳಲಾರರು. ಅದಕ್ಕೆ ಮೊದಲು ನಿನಗೆ ಉತ್ತರ ಕೊಡಬೇಕು.

ನಿನ್ನನ್ನು ಅತ್ತೆ ರೈಲು ಹತ್ತಿಸುವ ಹೊತ್ತಿಗೆ ನಾನು ಕಟಿಂಗಿನಲ್ಲಿರುತ್ತಿದ್ದೆ. ಡ್ಯೂಟಿ ಪ್ರಕಾರ ಆಗ ಇನ್ನೂ ಎರಡು ಕಿಲೋಮೀಟರ್ ಮುಂದಿರಬೇಕಾಗಿತ್ತು. ನಾನು ಹೋಗುತ್ತಿರಲಿಲ್ಲ. ಹೊಟ್ಟೆಬಂಡೆಯ ನೇರ ಕೆಳಗೆ, ಹಳಿಯ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಸಂಜೆ ನೀನು ವಾಪಸ್ ಬರುವಾಗ ಡ್ಯೂಟಿ ಮುಗಿದಿರುತ್ತಿತ್ತು, ಆದರೂ ಬಂದು ನಿಲ್ಲುತ್ತಿದ್ದೆ. ಬಿದ್ದರೆ ನಾನು ಏನು ಮಾಡುವವನಿದ್ದೆ? ಏನೂ ಇಲ್ಲ. ನಿನ್ನ ಜೊತೆ ನನ್ನ ಮೇಲೂ ಬೀಳುತ್ತಿತ್ತು, ಅಷ್ಟೇ. ಏಳು ವರ್ಷ ಅದನ್ನೇ ಮಗಳನ್ನು ಕಾಯುವುದು ಎಂದುಕೊಂಡಿದ್ದೆ. ಒಂದು ಸಾಲು ನಿಜ ಬರೆಯುವುದಕ್ಕಿಂತ ನಿನ್ನ ಜೊತೆ ಸಾಯುವುದು ನನಗೆ ಸುಲಭವಾಗಿ ಕಂಡಿತ್ತು.

ಬಾ ಎಂದು ಕರೆಯುವುದಿಲ್ಲ. ನನ್ನನ್ನು ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲಿನ ಕಾಟು ಅದೇ.

ರೈಲು ಕಟಿಂಗಿನೊಳಗೆ ಬರುತ್ತಿದ್ದಂತೆ ನೀನು ಕಿಟಕಿಯಿಂದ ಕೈ ಬೀಸುತ್ತಿದ್ದೆ. ಪಾಲಿಟೆಕ್ನಿಕ್ ಸೇರಿದ ಮೇಲೂ, ಗೆಳತಿಯರು ನಗುತ್ತಿದ್ದರೂ ಬೀಸುತ್ತಿದ್ದೆ. ಅಪ್ಪ ಯಾಕೆ ಒಂದು ದಿನವೂ ತಿರುಗಿ ಕೈ ಬೀಸುವುದಿಲ್ಲ ಎಂದು ಅತ್ತೆಯನ್ನು ಕೇಳಿದ್ದೆಯಂತೆ. ನನಗೆ ನೀನು ಕಾಣುತ್ತಿರಲಿಲ್ಲ, ಪುಟ್ಟಿ. ನಾನು ಮೇಲೆ ನೋಡುತ್ತಿದ್ದೆ.

ಅಪ್ಪ